ಮುಂದಿನ ಕಾಲದಲ್ಲಿ ಒಲೆ ಹಚ್ಚುವವರು ಯಾರು?

ವಿಜ್ಞಾನ ಕಥೆಗಳನ್ನು ಹೆಣ್ಣಿನ ಕಣ್ಣಿಂದ, ಪರಿಸರದ ಕಣ್ಣಿಂದ ಓದುವ ಬಗ್ಗೆ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಹೊತ್ತಾಯಿತೆಂದು ಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿವೆ.

ನಮಸ್ಕಾರ. ನಾನು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನ ಕಥೆ ಕೈಗೆ ಸಿಕ್ಕಿದರೆ ಊಟ ಬಿಟ್ಟು ಓದುತ್ತಿದ್ದೆ. ರಾಕೆಟ್ಟು, ರೋಬೋಟು, ಬೇರೆ ಗ್ರಹದ ಜನ, ಸಾವಿರ ವರ್ಷ ಮುಂದಕ್ಕೆ ಕರೆದುಕೊಂಡು ಹೋಗುವ ಯಂತ್ರ. ಜಗಲಿ ಮೇಲೆ ಕೂತು ಓದುತ್ತಿದ್ದರೆ ಒಳಗಿಂದ ಅಜ್ಜಿ ಕೂಗುತ್ತಿದ್ದಳು, 'ಪುಳ್ಳೆ ತಂದುಕೊಡೇ, ಒಲೆ ಆರ್ತಾ ಇದೆ.'

ನಮ್ಮದು ತುಮಕೂರು ಕಡೆಯ ಹಳ್ಳಿ. ಅಡಿಗೆಮನೆಗೆ ಇದ್ದದ್ದು ಒಂದೇ ಒಂದು ಬೆಳಕಿಂಡಿ. ಜಂತಿಗಳೆಲ್ಲ ಮಸಿ ಹಿಡಿದು ಕಪ್ಪಗಿದ್ದವು. ಅಜ್ಜಿ ಊದುಗೊಳವೆ ಹಿಡಿದು ಬಗ್ಗಿ ಊದುತ್ತಿದ್ದಳು. ಊದಿ ಊದಿ ಕೆಮ್ಮುತ್ತಿದ್ದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ಊದುತ್ತಿದ್ದಳು. ನಾನು ಪುಳ್ಳೆ ಒಲೆ ಪಕ್ಕ ಹಾಕಿ ಬಂದು ಪುನಃ ನನ್ನ ಗಗನನೌಕೆ ಹತ್ತುತ್ತಿದ್ದೆ.

ಆ ನೌಕೆಯಲ್ಲಿ ಅಡಿಗೆ ಮಾಡುವವರು ಯಾರು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ನಾನು ಓದಿದ ಕಥೆಗಳಲ್ಲಿ ಊಟ ಗುಳಿಗೆಯ ರೂಪದಲ್ಲಿರುತ್ತಿತ್ತು. ನೀರು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ಕಸ ಇರುತ್ತಲೇ ಇರಲಿಲ್ಲ. ಹಾಲು ಕುಡಿಯುವ ಮಗು, ಹಾಸಿಗೆ ಹಿಡಿದ ಮುದುಕರು ಇರುತ್ತಿರಲಿಲ್ಲ. ಇನ್ನು ಹೆಂಗಸರು? ಒಬ್ಬಳು ಭೂಮಿಯಲ್ಲಿ ನಿಂತು ಕೈ ಬೀಸುತ್ತಿದ್ದಳು, ಅಷ್ಟೆ.

ವರ್ಷಗಳಾದ ಮೇಲೆ ಬೇರೆ ಥರದ ವಿಜ್ಞಾನ ಕಥೆಗಳು ಕೈಗೆ ಬಂದವು. ಅವುಗಳಲ್ಲಿ ಹೆಚ್ಚಿನವು ಹೆಂಗಸರು ಬರೆದವು. ಅಲ್ಲಿ ನನಗೆ ಕಂಡ ಒಂದು ವಿಷಯವನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ಮುಂದಿನ ಕಾಲದ ಕಥೆಯೊಳಗೆ ಹೆಣ್ಣು ಕಾಲಿಟ್ಟಳು ಅಂದರೆ ಅವಳ ಹಿಂದೆಯೇ ಅಡಿಗೆಮನೆ ಬರುತ್ತದೆ. ಅಡಿಗೆಮನೆ ಬಂತು ಅಂದರೆ ಸೌದೆ ಬಂತು, ನೀರು ಬಂತು, ಹೊಗೆ ಬಂತು, ಮಣ್ಣು ಬಂತು. ಸ್ತ್ರೀವಾದ ಒಂದು ಪಾಠ, ಪರಿಸರ ಇನ್ನೊಂದು ಪಾಠ ಅಂತ ನಾವು ಬೇರೆ ಬೇರೆ ಮಾಡಿ ಓದುತ್ತೇವೆ. ಈ ಕಥೆಗಳಲ್ಲಿ ಅವೆರಡೂ ಒಂದೇ ಒಲೆಯ ಮುಂದೆ ಕೂತಿರುತ್ತವೆ.

1905ನೇ ಇಸವಿ. ಮದರಾಸಿನಿಂದ 'ದಿ ಇಂಡಿಯನ್ ಲೇಡೀಸ್ ಮ್ಯಾಗಜಿನ್' ಅನ್ನುವ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಅದನ್ನು 1901ರಲ್ಲಿ ಶುರು ಮಾಡಿದವರು ಕಮಲಾ ಸತ್ಯನಾಥನ್. ಆ ಪತ್ರಿಕೆಯಲ್ಲಿ 'ಸುಲ್ತಾನಾಸ್ ಡ್ರೀಮ್' ಅಂತ ಒಂದು ಕಥೆ ಬಂತು. ಸುಲ್ತಾನಾಳ ಕನಸು. ಬರೆದವರು ರೊಕೆಯಾ ಸಖಾವತ್ ಹುಸೇನ್. ಈಗಿನ ಬಾಂಗ್ಲಾದೇಶದ ರಂಗಪುರ ಸೀಮೆಯ ಪೈರಾಬಂದ್ ಎಂಬ ಊರಿನವರು, 1880ರಲ್ಲಿ ಹುಟ್ಟಿದವರು. ಮನೆಯ ಗಂಡುಮಕ್ಕಳಿಗೆ ಇಂಗ್ಲಿಷ್ ಓದು, ಹೆಣ್ಣುಮಕ್ಕಳಿಗೆ ಪರದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ಮೇಣದಬತ್ತಿ ಹಚ್ಚಿ ಇಂಗ್ಲಿಷ್ ಹೇಳಿಕೊಟ್ಟರು. ಅಕ್ಕ ಬಂಗಾಳಿ ಕಲಿಸಿದರು. ಗಂಡ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅವರು ಕ್ಯಾಂಪಿಗೆ ಹೋಗಿದ್ದಾಗ ಹೊತ್ತು ಕಳೆಯಲು ಬರೆದ ಕಥೆ ಇದು. ವಾಪಸು ಬಂದವರು ನಿಂತುಕೊಂಡೇ ಪೂರ್ತಿ ಓದಿ, 'ಭಯಂಕರ ಸೇಡು!' ಅಂದರು. ಇದನ್ನು ರೊಕೆಯಾ ಅವರೇ ಆಮೇಲೆ ನೆನಪು ಮಾಡಿಕೊಂಡಿದ್ದಾರೆ.

ಕಥೆ ಚಿಕ್ಕದು. ಸುಲ್ತಾನಾ ಒಂದು ಸಂಜೆ ಆರಾಮಕುರ್ಚಿಯಲ್ಲಿ ಒರಗಿಕೊಂಡು ನಮ್ಮ ದೇಶದ ಹೆಣ್ಣುಮಕ್ಕಳ ಪಾಡು ಏನು ಅಂತ ಯೋಚಿಸುತ್ತಿರುತ್ತಾಳೆ. ಸಾರಾ ಅನ್ನುವ ಗೆಳತಿ ಬಂದು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಹೋಗಿ ನೋಡಿದರೆ ಹಗಲು! ಬೀದಿ ತುಂಬ ಜನ, ಒಬ್ಬ ಗಂಡಸೂ ಇಲ್ಲ. ಪರದೆಯಲ್ಲಿ ಬೆಳೆದ ಸುಲ್ತಾನಾಗೆ ಮುಖ ತೋರಿಸಿಕೊಂಡು ನಡೆಯಲು ನಾಚಿಕೆ. ಅವಳು ಹಿಂಜರಿಯುವುದನ್ನು ನೋಡಿ ದಾರಿಹೋಕ ಹೆಂಗಸರು ನಗುತ್ತಾರೆ, 'ಇವಳು ಥೇಟ್ ಗಂಡಸಿನ ಹಾಗೆ' ಅನ್ನುತ್ತಾರೆ. ಆ ದೇಶದಲ್ಲಿ ಗಂಡಸಿನ ಹಾಗೆ ಅಂದರೆ ನಾಚಿಕೆ ಸ್ವಭಾವದವರು, ಪುಕ್ಕಲರು ಅಂತ. ಗಂಡಸರೆಲ್ಲ ಒಳಗೆ, ಪರದೆಯಲ್ಲಿ.

ಬೀದಿಯಲ್ಲಿ ಕಾಲಿಟ್ಟರೆ ಮೆತ್ತಗೆ, ಜಮಖಾನೆಯ ಹಾಗೆ. ಬಗ್ಗಿ ನೋಡಿದರೆ ಪಾಚಿ, ಹೂವು. ತುಳಿದುಬಿಡುತ್ತೇನೇನೋ ಅಂತ ಅವಳಿಗೆ ಅಳುಕು. ಇಡೀ ದೇಶವೇ ಒಂದು ತೋಟವಾಗಬೇಕು ಅನ್ನುವುದು ಅಲ್ಲಿನ ರಾಣಿಯ ಆಸೆ.

ಇದರ ಬೆಲೆ ಗೊತ್ತಾಗಬೇಕಾದರೆ ರೊಕೆಯಾ ಬರೆದ ಇನ್ನೊಂದು ಪುಸ್ತಕ ನೋಡಬೇಕು, 1931ರ 'ಅಬರೋಧ್ ಬಾಸಿನಿ'. ಪರದೆಯೊಳಗಿನ ಬದುಕಿನ ನಿಜ ಪ್ರಸಂಗಗಳು. ಒಂದರಲ್ಲಿ, ಬುರ್ಖಾ ಹಾಕಿದ ಹೆಂಗಸೊಬ್ಬರು ಕಿಯುಲ್ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸುವಾಗ ಎಡವಿ ಹಳಿಯ ಮೇಲೆ ಬೀಳುತ್ತಾರೆ. ಜೊತೆಗಿದ್ದದ್ದು ಕೆಲಸದವಳು ಒಬ್ಬಳೇ. ಅವಳಿಂದ ಎತ್ತಲಾಗುವುದಿಲ್ಲ. ಸುತ್ತ ಗಂಡಸರಿದ್ದಾರೆ, ಎತ್ತಲು ಬರುತ್ತಾರೆ. ಕೆಲಸದವಳು 'ಅಮ್ಮಾವ್ರನ್ನ ಯಾರೂ ಮುಟ್ಟಬೇಡಿ' ಅಂತ ತಡೆಯುತ್ತಾಳೆ. ಕಾದು ಕಾದು ರೈಲು ಹೊರಡುತ್ತದೆ. ಇಂಥದ್ದನ್ನು ಕೇಳಿಕೊಂಡು ಬೆಳೆದವರು ಹೆಣ್ಣೊಬ್ಬಳು ಹಗಲಿನಲ್ಲಿ ಪಾಚಿಯ ಮೇಲೆ ಬರಿ ಮುಖದಲ್ಲಿ ನಡೆಯುವ ಕಥೆ ಬರೆದರು. ಹಾರುವ ಗಾಡಿಗಿಂತ ದೊಡ್ಡ ವಿಜ್ಞಾನ ಕಲ್ಪನೆ ನನಗೆ ಈ ನಡಿಗೆಯೇ.

ಈಗ ಅಡಿಗೆಮನೆಗೆ ಬನ್ನಿ. ಸಾರಾ ತನ್ನ ಮನೆಯ ಅಡಿಗೆಮನೆ ತೋರಿಸುತ್ತಾಳೆ. ಅದು ತರಕಾರಿ ತೋಟದ ನಡುವೆ ಇದೆ. ಟೊಮೆಟೊ ಗಿಡಗಳೇ ಅಲಂಕಾರ. ಹೊಗೆ ಇಲ್ಲ, ಹೊಗೆಗೂಡೂ ಇಲ್ಲ. ಇದ್ದಿಲು ಇಲ್ಲ, ಬೆಂಕಿಯ ಸುಳಿವಿಲ್ಲ. 'ಮತ್ತೆ ಹೇಗೆ ಬೇಯಿಸುತ್ತೀರಿ?' ಅಂತ ಸುಲ್ತಾನಾ ಕೇಳಿದರೆ, 'ಬಿಸಿಲಿನ ಶಾಖದಿಂದ' ಅನ್ನುತ್ತಾಳೆ ಸಾರಾ. ಬಿಸಿಲನ್ನು ಒಟ್ಟುಗೂಡಿಸಿ ಕೊಳವೆಯಲ್ಲಿ ತಂದಿರುತ್ತಾರೆ. ಆ ದೇಶದಲ್ಲಿ ಹೆಂಗಸರಿಗಾಗಿ ಎರಡು ವಿಶ್ವವಿದ್ಯಾನಿಲಯ. ಒಂದರಲ್ಲಿ ಬಿಸಿಲು ಹಿಡಿದಿಡುವುದನ್ನು ಕಂಡುಹಿಡಿದರು. ಇನ್ನೊಂದರಲ್ಲಿ ಬಲೂನು ಮೇಲೆ ಕಳಿಸಿ, ಕೊಳವೆ ಹಾಕಿ, ಮೋಡದಿಂದಲೇ ನೀರು ಎಳೆಯುವುದನ್ನು ಕಂಡುಹಿಡಿದರು. ಗಂಡಸರು ಆಗ ಸೈನ್ಯದ ಬಲ ಹೆಚ್ಚಿಸುವುದರಲ್ಲಿ ಮುಳುಗಿದ್ದರು.

ಒಲೆಗೆ ಶಾಖ, ಮನೆಗೆ ನೀರು. ಗಮನಿಸಿದಿರಾ? ಆ ಎರಡು ವಿಶ್ವವಿದ್ಯಾನಿಲಯಗಳ ಮೇಡಂಗಳು ಲ್ಯಾಬಿನಲ್ಲಿ ಕೂತು ಮೊದಲು ಬಿಡಿಸಿದ ಲೆಕ್ಕ ಇವೆರಡು. ಸೌದೆ ಹೊತ್ತು, ನೀರು ಹೊತ್ತು ಸೊಂಟ ಬಿದ್ದುಹೋದವರ ಕಡೆಯಿಂದ ಯೋಚಿಸಿದರೆ ಮಾತ್ರ ಸಂಶೋಧನೆ ಇಲ್ಲಿಂದ ಶುರುವಾಗುತ್ತದೆ.

ಈ ಪುಟ ಮೊದಲ ಸಲ ಓದಿದಾಗ ನನಗೆ ಅಜ್ಜಿಯ ಕೆಮ್ಮು ಕೇಳಿಸಿತು. ಕಥೆ ಬಂದು ಸುಮಾರು 70 ವರ್ಷಕ್ಕೆ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಗೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂತು. ನಮ್ಮನೆಗೆ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು 32 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 1905ರಲ್ಲಿ ಕನಸು ಕಂಡ ಅಡಿಗೆಮನೆಗೆ ನಾವಿನ್ನೂ ಪೂರ್ತಿ ಕಾಲಿಟ್ಟಿಲ್ಲ.

ರೊಕೆಯಾರನ್ನು ಸುಮ್ನೆ ಹೊಗಳಿ ಮುಂದೆ ಹೋಗಲು ನನಗೆ ಇಷ್ಟವಿಲ್ಲ. ಅವರ ಕಥೆಯ ಜೊತೆ ಜಗಳ ಆಡಬೇಕಾದ ಜಾಗಗಳೂ ಇವೆ. ಸುಲ್ತಾನಾ ಅಡಿಗೆಮನೆಗೆ ಬರುವ ಮೊದಲು ಅಲ್ಲಿದ್ದ ಗಂಡಸರಿಗೆ ಆಚೆ ಹೋಗಿ ಅಂತ ಹೇಳಿಕಳಿಸಿರುತ್ತಾರೆ. ಒಂದೇ ಒಂದು ವಾಕ್ಯ. ಅಂದರೆ ಅಡಿಗೆ ಮಾಡುತ್ತಿದ್ದವರು ಗಂಡಸರು! ಹೊರಗಿನವರು ಬಂದರೆ ಮರೆಯಾಗಬೇಕಾದವರು ಅವರು! ರೊಕೆಯಾರ ಗಂಡ ಹೇಳಿದ 'ಸೇಡು' ಇದೇ ಇರಬೇಕು. ಗಂಡಸರು ಆಫೀಸಿನಲ್ಲಿ ದಿನಕ್ಕೆ 12 ಚುಟ್ಟಾ ಸೇದುತ್ತಾರೆ, ಒಂದಕ್ಕೆ ಅರ್ಧ ಗಂಟೆ, ಅಲ್ಲಿಗೆ ಆರು ಗಂಟೆ ಚುಟ್ಟಾಕ್ಕೇ ಹೋಯಿತು ಅಂತ ಸಾರಾ ಲೆಕ್ಕ ಹಾಕುವುದನ್ನು ಓದಿ ನಾನು ಮನಸಾರೆ ನಕ್ಕಿದ್ದೇನೆ. ಆ ಸೇಡು ನ್ಯಾಯವಾದದ್ದು ಅಂತಲೇ ನನಗನ್ನಿಸುತ್ತದೆ. ಆದರೂ ಒಬ್ಬರನ್ನು ಒಳಗೆ ಕೂರಿಸದೆ ಇನ್ನೊಬ್ಬರು ಹೊರಗೆ ಬರಲಾಗದ ಊರಿನಲ್ಲಿ ನಾನು ಜಾಸ್ತಿ ದಿನ ಇರಲಾರೆ.

ಇನ್ನೊಂದು, ಮಳೆ. ಬಲೂನಿನಿಂದ ಮೋಡದ ನೀರೆಲ್ಲ ಎಳೆದುಬಿಡುವುದರಿಂದ ಆ ದೇಶದಲ್ಲಿ ಬಿರುಗಾಳಿ ಮಳೆಯೇ ನಿಂತುಹೋಗುತ್ತದೆ. ರಸ್ತೆಯಲ್ಲಿ ಕೆಸರಿಲ್ಲ ಅಂತ ಸಾರಾಗೆ ಖುಷಿ. ಇವತ್ತು ಓದುವ ನನಗೆ ಎದೆ ಝಲ್ಲೆನ್ನುತ್ತದೆ. ಮೇಲಿನ ನೀರು ನಾವು ಹಿಡಿದುಕೊಂಡರೆ ಪಕ್ಕದ ದೇಶದ ಹೊಲದ ಗತಿ ಏನು? ಕಪ್ಪೆ, ಕೆರೆ, ರಾಗಿ ಪೈರಿನ ಗತಿ ಏನು? 2017ರಲ್ಲಿ ನಮ್ಮ ಸರ್ಕಾರ 'ವರ್ಷಧಾರೆ' ಅಂತ ಹೆಸರಿಟ್ಟು ವಿಮಾನದಿಂದ ಮೋಡ ಬಿತ್ತನೆ ಮಾಡಿಸಿತು. ಅಂದರೆ ಮೋಡ ಯಾರದು ಅನ್ನುವ ಪ್ರಶ್ನೆ ಈಗ ಬರಿ ಕಥೆಯದಲ್ಲ.

ಬಿಸಿಲಿಗೂ ಇದೇ ಮಾತು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ, ನಾಗಲಮಡಿಕೆ ಹೋಬಳಿಯ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವ್ಯಾಟ್. ಮಳೆ ಕೈಕೊಟ್ಟು ಕೈಕೊಟ್ಟು ಸೋತ ಸೀಮೆ ಅದು. ಅಲ್ಲಿ ನಿಂತು ನೋಡಿದರೆ ಕಣ್ಣು ಹೋಗುವವರೆಗೂ ನೀಲಿ ಹಲಗೆಗಳು. ರೊಕೆಯಾ ನೋಡಬೇಕಿತ್ತು ಅನ್ನಿಸುತ್ತದೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಶುರುವಾಯಿತು. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಅವರಿಗೆ ಬಾಡಿಗೆ ಹೇಗೆ ಬರಬೇಕು? ಕುರಿ ಮೇಯಿಸುವವರು ಎಲ್ಲಿ ಹೋಗಬೇಕು? ನಾನು ಸೌರವಿದ್ಯುತ್ತಿನ ಪರವೇ. ಅದು ಬೇಕೇ ಬೇಕು. ಬಿಸಿಲು ಕರೆಂಟಾಗುವಾಗ ನೆರಳಿಗೆ ಬಿದ್ದವರು ಯಾರು ಅಂತಲೂ ಕೇಳಬೇಕು ಅಲ್ವಾ? ನಿಮ್ಮಲ್ಲಿ ಯಾರಾದರೂ ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವವರಿದ್ದರೆ, ದಯವಿಟ್ಟು ಪಾವಗಡದ ಬಸ್ಸು ಹತ್ತಿ.

ರೊಕೆಯಾಗಿಂತ ಹಿಂದೆ ಹೋದರೆ ಮೇರಿ ಶೆಲ್ಲಿ ಸಿಗುತ್ತಾರೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಮಬ್ಬು ಆಕಾಶ ಮುಚ್ಚಿ ಮಾರನೇ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡ 18ರ ಹುಡುಗಿ ಶುರು ಮಾಡಿದ ಕಥೆಯೇ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾದ 'ಫ್ರಾಂಕೆನ್‌ಸ್ಟೈನ್'. ಹವಾಮಾನ ಕೆಟ್ಟಾಗ ಹುಟ್ಟಿದ ಪುಸ್ತಕ. ಎಲ್ಲರಿಗೂ ಗೊತ್ತಿರುವ ಕಥೆ, ಹಾಗಾಗಿ ಒಂದೇ ದೃಶ್ಯ ಹೇಳುತ್ತೇನೆ. ವಿಕ್ಟರ್ ಅನ್ನುವವನು ಲ್ಯಾಬಿನಲ್ಲಿ ಮಾಡಿದ ಜೀವಿ ತನಗೊಂದು ಜೊತೆ ಬೇಕು ಅಂತ ಅವನನ್ನು ಕೇಳುತ್ತದೆ. ಕುರಿ ಕೊಲ್ಲುವುದಿಲ್ಲ, ಓಕ್ ಮರದ ಕಾಯಿ, ಕಾಡಿನ ಹಣ್ಣು ತಿಂದುಕೊಂಡು ದೂರದ ಕಾಡಿನಲ್ಲಿ ಇರುತ್ತೇವೆ ಅನ್ನುತ್ತದೆ. ವಿಕ್ಟರ್ ಹೆಣ್ಣು ಜೀವಿಯನ್ನು ಮಾಡಲು ಕೂರುತ್ತಾನೆ. ಅರ್ಧ ಆದಾಗ ಭಯ ಹತ್ತುತ್ತದೆ. ಇವಳಿಗೂ ಬುದ್ಧಿ ಇರುತ್ತದಲ್ಲ, ತಾನು ಹುಟ್ಟುವ ಮೊದಲೇ ಗಂಡಸರಿಬ್ಬರು ಮಾಡಿಕೊಂಡ ಒಪ್ಪಂದವನ್ನು ಇವಳು ಯಾಕೆ ಒಪ್ಪಬೇಕು? ಇವಳಿಗೆ ಮಕ್ಕಳಾದರೆ? ಅಷ್ಟು ಯೋಚನೆ ಬಂದದ್ದೇ ತಡ, ಅವಳನ್ನು ಹರಿದು ಹಾಕುತ್ತಾನೆ. ಲ್ಯಾಬಿನ ನೆಲದ ಮೇಲೆ ಬಿದ್ದ ಅವಳಿಗೆ ಒಂದು ಹೆಸರೂ ಇಲ್ಲ.

ಅಮೆರಿಕದ ವಿಜ್ಞಾನ ಕಥೆಗಾರ್ತಿ ಉರ್ಸುಲಾ ಲೆಗ್ವಿನ್ 1986ರಲ್ಲಿ ಒಂದು ಪ್ರಬಂಧ ಬರೆದರು. ಮನುಷ್ಯ ಮೊದಲು ಮಾಡಿದ ಸಾಧನ ಯಾವುದು? ಈಟಿ, ಕಲ್ಲಿನ ಕೊಡಲಿ ಅಂತ ನಾವು ಓದಿದ್ದೇವೆ. ಎಲಿಜಬೆತ್ ಫಿಶರ್ ಅನ್ನುವವರು ಚೀಲವೇ ಮೊದಲಿರಬೇಕು ಅಂದಿದ್ದರು. ಆಯ್ದ ಕಾಳು, ಗೆಡ್ಡೆ, ಎತ್ತಿಕೊಳ್ಳುವ ಮಗು, ಇವಕ್ಕೆಲ್ಲ ಒಂದು ಚೀಲವೋ ಬುಟ್ಟಿಯೋ ಬೇಡವೇ? ಲೆಗ್ವಿನ್ ಅದನ್ನು ಕಥೆಗೆ ತಂದರು. ಬೇಟೆಗಾರನ ಕಥೆ ಈಟಿಯ ಹಾಗೆ ನೇರ ಹೋಗಿ ನಾಟುತ್ತದೆ. ಕಥೆ ಚೀಲದ ಹಾಗೂ ಇರಬಹುದು, ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡು.

ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಮಡಿಲು ಅನ್ನುವ ಪದ ಇದೆ. ಅಜ್ಜಿ ಹೊಲದಿಂದ ಬರುವಾಗ ಸೆರಗನ್ನೇ ಮಡಿಲು ಮಾಡಿಕೊಂಡು ಸೊಪ್ಪು, ಅವರೆಕಾಯಿ, ಒಂದೆರಡು ಸೀಬೆಕಾಯಿ, ಒಲೆಗೆ ನಾಲ್ಕು ಪುಳ್ಳೆ ಎಲ್ಲ ತರುತ್ತಿದ್ದಳು. ಮಗು ಕೂರುವುದೂ ಮಡಿಲಲ್ಲೇ. ತವರಿಂದ ಹೊರಡುವ ಮಗಳಿಗೆ ತುಂಬುವುದೂ ಮಡಿಲಕ್ಕಿ. ತೇಜಸ್ವಿಯವರ 'ಕರ್ವಾಲೋ' ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕಾಡು, ವಿಜ್ಞಾನ, ಹಳ್ಳಿಯವನ ಕಣ್ಣು ಮೂರನ್ನೂ ಅಷ್ಟು ಪ್ರೀತಿಯಿಂದ ಸೇರಿಸಿದ ಕಾದಂಬರಿ ಇನ್ನೊಂದಿಲ್ಲ. ಆದರೂ ಹಾರುವ ಓತಿ ಹುಡುಕಿಕೊಂಡು ಹೊರಟ ಆ ತಂಡದಲ್ಲಿ ಒಬ್ಬ ಹೆಂಗಸಾದರೂ ಇದ್ದಿದ್ದರೆ ಏನೇನು ಮಡಿಲಿಗೆ ಬೀಳುತ್ತಿತ್ತೋ ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ಲೆಗ್ವಿನ್ 1972ರಲ್ಲಿ ಬರೆದ ಒಂದು ಕಿರುಕಾದಂಬರಿಯಲ್ಲಿ ಒಂದು ಗ್ರಹವಿದೆ. ಅಲ್ಲಿನ ಭಾಷೆಯಲ್ಲಿ ಲೋಕ ಅನ್ನುವುದಕ್ಕೂ ಕಾಡು ಅನ್ನುವುದಕ್ಕೂ ಒಂದೇ ಪದ. ಮರ ಮುಗಿದುಹೋದ ಭೂಮಿಯಿಂದ ಜನ ಅಲ್ಲಿಗೆ ಮರ ಕಡಿಯಲು ಬರುತ್ತಾರೆ. ಕಥೆ ಶುರುವಾಗುವುದು ಅವರ ಒಬ್ಬ ಕ್ಯಾಪ್ಟನ್‌ನ ತಲೆಯೊಳಗೆ. ಹಡಗಿನಲ್ಲಿ ಬಂದಿಳಿದ ಹೆಂಗಸರೂ ಅವನಿಗೆ ಸರಕು, ಕಾಡೂ ಸರಕು. ಎರಡನ್ನೂ ಒಂದೇ ಕಣ್ಣಲ್ಲಿ ಅಳೆಯುತ್ತಾನೆ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಜನ, ಹೆಂಗಸರೂ ಸೇರಿ, ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಸಹಜ ಕಾಡು ಕಡಿದು ತೇಗ ಬೆಳೆಸುವುದರ ವಿರುದ್ಧ ಬೆಳೆದ ಚಳವಳಿಗೆ 'ಅಪ್ಪಿಕೊ' ಅನ್ನುವುದೇ ಹೆಸರಾಯಿತು. ತೇಗದ ತೋಪನ್ನು ಕಾಡು ಅನ್ನಲು ಅವರ ನಾಲಿಗೆ ಒಪ್ಪಲಿಲ್ಲ. ಅದರಲ್ಲಿ ಸೊಪ್ಪಿಲ್ಲ, ಹಣ್ಣಿಲ್ಲ, ಜೇನಿಲ್ಲ.

ಕೊನೆಗೆ ಆಕ್ಟೇವಿಯಾ ಬಟ್ಲರ್. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 1947ರಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ತಾಯಿ ಬಿಳಿಯರ ಮನೆಗೆಲಸಕ್ಕೆ ಹೋಗುತ್ತಿದ್ದರು, ಹಿಂಬಾಗಿಲಿನಿಂದ ಒಳಗೆ ಹೋಗಬೇಕಿತ್ತು. 1993ರಲ್ಲಿ ಬಟ್ಲರ್ ಬರೆದ 'ಪ್ಯಾರಬಲ್ ಆಫ್ ದ ಸೋವರ್' ಕಾದಂಬರಿ ಶುರುವಾಗುವುದು 2024ರಲ್ಲಿ. ಆರು ವರ್ಷದಿಂದ ಮಳೆ ಇಲ್ಲ. ಪೆಟ್ರೋಲಿಗಿಂತ ನೀರಿಗೆ ಜಾಸ್ತಿ ಬೆಲೆ. ಲಾರೆನ್ ಅನ್ನುವ 15ರ ಹುಡುಗಿ ಡೈರಿ ಬರೆಯುತ್ತಾಳೆ. ಇನ್ನೊಬ್ಬರ ನೋವು ಕಂಡರೆ ತನ್ನ ಮೈಗೇ ನೋವಾಗುವ ಕಾಯಿಲೆ ಅವಳಿಗೆ. ಮನೆ ಬಿಟ್ಟು ಓಡಬೇಕಾದ ದಿನ ಬರುತ್ತದೆ ಅಂತ ಮೊದಲೇ ಒಂದು ಗಂಟು ಕಟ್ಟಿಟ್ಟಿರುತ್ತಾಳೆ. ಅದರಲ್ಲಿ ಬಿತ್ತನೆ ಬೀಜವೂ ಇದೆ. ಬೆಂಕಿ ಬಿದ್ದ ರಾತ್ರಿ ಅವಳ ಕೈಗೆ ಸಿಗುವುದು ಆ ಗಂಟು. ಅದೂ ಒಂದು ಮಡಿಲೇ.

ಆ 2024 ನಿಜವಾಗಿ ಬಂದಾಗ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು. ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮ ಬೀದಿಯ ಕೊನೆಯ ನೀರಿನ ಘಟಕದ ಮುಂದೆ ಬಿಂದಿಗೆಗಳ ಸಾಲು. ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಬಿಂದಿಗೆ. ಒಂದು ದಿನ ಸುಮ್ನೆ ನಿಂತು ಎಣಿಸಿದೆ. ಸಾಲಿನಲ್ಲಿ 31 ಜನ, ಅದರಲ್ಲಿ 26 ಹೆಂಗಸರು, ಇಬ್ಬರು ಸ್ಕೂಲ್ ಯೂನಿಫಾರ್ಮಿನ ಹುಡುಗಿಯರು. ಬಟ್ಲರ್ ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಅವತ್ತು ತೆಗೆದು ಓದಲು ಆಗಲಿಲ್ಲ.

ಹೋದ ವರ್ಷ ಹೈಸ್ಕೂಲ್ ಮಕ್ಕಳಿಗೆ ಕಥೆ ಬರೆಸುವ ಕೆಲಸ ಸಿಕ್ಕಿತ್ತು. ಮಂಗಳ ಗ್ರಹದಲ್ಲಿ ನಿಮ್ಮ ಮನೆ ಇದ್ದರೆ ಹೇಗಿರುತ್ತದೆ, ಬರೆಯಿರಿ ಅಂದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬರೆದ ಮನೆಗೆ ಗಾಜಿನ ಗೋಳದ ಸೂರಿತ್ತು, ಕೆಂಪು ಮಣ್ಣಿನಲ್ಲಿ ಮೆಂತ್ಯ ಬೆಳೆದಿತ್ತು. ಎರಡು ದಿನಕ್ಕೊಂದು ಸಲ ಬೆಳಗಿನ ಜಾವ ನಾಲ್ಕಕ್ಕೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅಮ್ಮ ಎದ್ದು ಡ್ರಮ್ಮು ತುಂಬಿಸುತ್ತಿದ್ದಳು. ಮಂಗಳದಲ್ಲೂ ನಾಲ್ಕಕ್ಕೇ ಯಾಕೆ ಅಂತ ಕೇಳಿದೆ. 'ನೀರು ಬರೋದೇ ಆವಾಗಲ್ವಾ ಮಿಸ್?' ಅಂದಳು.

ಅಲ್ಲಿ ಒಂದು ದಿನ ಅಂದರೆ ನಮ್ಮದಕ್ಕಿಂತ ಸುಮಾರು 40 ನಿಮಿಷ ಜಾಸ್ತಿ ಅಂತ ಹೇಳಿದೆ. ಬೇಕಾದರೆ ಅದನ್ನು ಕಥೆಯಲ್ಲಿ ಬಳಸಿಕೋ ಅಂದೆ. ಮುಂದಿನ ವಾರ ತಿದ್ದಿ ತಂದಳು. ನೀರು ಈಗ ಬರುವುದು ನಾಲ್ಕು ನಲವತ್ತಕ್ಕೆ. ಅಲ್ಲಿಯವರೆಗೆ ಅಮ್ಮ ಮಲಗಿರುತ್ತಾಳೆ.